ಮಳೆ ವರ್ಷದ ಹಾಲು

ಕುವೈತ್, ಷರ್ಕ್ ಕೇರಿ, ಎಲಚಿಮರದ ಓಣಿ
12 ಅಕ್ಟೋಬರ್ 1955

ತರ್ಫಾ, ಸಲಾಂ.

ಸರ್ಕಾರದವರು ಬಂದು ನಮ್ಮ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು. ನನ್ನದು 417, ನಿನ್ನದು 418. ನೀವು ಬೊಂಬಾಯಿ ಸೇರಿ ಹನ್ನೆರಡು ವರ್ಷವಾಯಿತು, ಬೀಗ ಹಾಕಿದ ಮನೆಗೂ ನಂಬರು ತಪ್ಪಲಿಲ್ಲ. ಓಣಿಯ ಮೇಲೆ ಅಗಲದ ರಸ್ತೆ ಬರುತ್ತದಂತೆ. ಊರಾಚೆ ಶಾಮಿಯಾದಲ್ಲಿ ಎಲ್ಲರಿಗೂ ಸಿಮೆಂಟಿನ ಮನೆಯಂತೆ. ಜನ ಖುಷಿಯಾಗಿಯೇ ಇದ್ದಾರೆ. ನಾನೂ ಖುಷಿಪಡಬೇಕು ಎಂದುಕೊಳ್ಳುತ್ತೇನೆ, ಆದರೆ ಇನ್ನೂ ಏನೂ ಅನ್ನಿಸುತ್ತಿಲ್ಲ.

ಅಳತೆಗೆ ಬಂದ ಇಂಜಿನಿಯರ್ ಬೇರೆ ದೇಶದವನು. ನಮ್ಮಿಬ್ಬರ ಮನೆಗಳ ನಡುಗೋಡೆಯಲ್ಲಿರುವ ಕಿಂಡಿಬಾಗಿಲು ನೋಡಿ ನಿಂತುಬಿಟ್ಟ.

"ಏನಮ್ಮಾ ಇದು? ಒಂದು ಮನೇನೋ ಎರಡೋ?"

"ಎರಡು," ಅಂದೆ ಪರದೆಯ ಹಿಂದಿನಿಂದ.

"ಹಾಗಾದ್ರೆ ಈ ಬಾಗಿಲನ್ನ ಯಾರ ಮನೆಗೆ ಸೇರಿಸಿ ಬರ್ಕೊಳ್ಳಲಿ?"

"ಯಾರ ಮನೇಲಿ ಉಪ್ಪು ಮುಗ್ದಿರುತ್ತೋ ಅವರ ಮನೆಗೆ ಸೇರಿಸ್ಕೋ ಮಗಾ."

ಅವನು ಬರೆದುಕೊಳ್ಳಲಿಲ್ಲ. ನಕ್ಷೆಯಲ್ಲಿ ಅದು ಬರಿಯ ಗೋಡೆ.

ನಾನು ಈಗಲೂ ದಿನಾ ಸಂಜೆ ಆ ಕಿಂಡಿಯಿಂದ ಬಗ್ಗಿ ನಿನ್ನ ಅಂಗಳಕ್ಕೆ ಹೋಗಿ ಕಸ ಗುಡಿಸುತ್ತೇನೆ, ಎಲಚಿಮರಕ್ಕೆ ನೀರು ಹಾಕುತ್ತೇನೆ. ಸೊಂಟ ಬಗ್ಗುವುದು ಕಷ್ಟವಾಗಿದೆ, ಬಾಗಿಲು ಬೆಳೆದಿಲ್ಲ. ನಿನ್ನ ಮನೆಯ ಬೀಗದ ಕೈ ನನ್ನ ಹತ್ತಿರವೇ ಇದೆ. ನಂಬರು ಬರೆದ ಮನೆಯ ಕೀಲಿಯನ್ನು ಏನು ಮಾಡಬೇಕೋ ತಿಳಿಸು.

ನನ್ನ ಒಳಕೋಣೆಯೂ ಹೋಗುತ್ತದೆ. ಅದನ್ನು ಯೋಚಿಸಿದರೆ ಮಾತ್ರ ಕೈ ನಿಲ್ಲುತ್ತದೆ. ಮಳೆ ವರ್ಷದಲ್ಲಿ ಓಣಿಯ ಮಣ್ಣಿನ ಮನೆಗಳೆಲ್ಲ ಕೆಸರಾಗಿ ಕುಳಿತಾಗ ಎಲ್ಲರೂ ಸೇರಿಕೊಂಡ ಕೋಣೆ. ನನ್ನ ಮಗಳು ಗನೀಮಾ ಹುಟ್ಟಿ ನಲವತ್ತು ದಿನ, ನನ್ನ ತಲೆಯ ಮೇಲೆ ತೊಲೆ ಬಿದ್ದು ಮೂರು ದಿನ ಪ್ರಜ್ಞೆ ಇಲ್ಲ. ನಿನ್ನ ಅತ್ತೆ ಬೀದಿಬಾಗಿಲು ಹಾಕಿಕೊಂಡರೂ ನೀನು ನಿನ್ನ ಕೂಸು ಮಿಶಾರಿಯನ್ನು ಎದೆಗವಚಿಕೊಂಡು ಕಿಂಡಿಯಿಂದ ನುಸುಳಿ ಬಂದೆ. ಕಣ್ಣು ಬಿಟ್ಟಾಗ ನನ್ನ ಹಣೆಯ ಮೇಲೆ ನಿನ್ನ ಒದ್ದೆ ಬಟ್ಟೆ. ನಾನು ಅದನ್ನು ಯಾರಿಗೂ ಹೇಳದೆ ಬಿಟ್ಟಿಲ್ಲ.

ಅಂದಹಾಗೆ ನಿನ್ನ ಮಿಶಾರಿ ಈ ಊರಿಗೆ ಕೆಲಸಕ್ಕೆ ಬಂದವನು ಚಿಕ್ಕಪ್ಪನ ಮನೆಯಲ್ಲಿದ್ದರೂ ಶುಕ್ರವಾರದ ಊಟಕ್ಕೆ ನಮ್ಮಲ್ಲಿಗೇ ಬರುತ್ತಾನೆ. ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿದ್ದಾನೆ. ಪರದೆಯಾಚೆಯಿಂದ ಗನೀಮಾ ಕೆಣಕುತ್ತಾಳೆ: "ಸಮುದ್ರನೇ ಸಿಹಿ ಮಾಡೋರು ನಮ್ಮ ಸಾರಿಗೆ ಉಪ್ಪು ಜಾಸ್ತಿ ಅಂತಾರಲ್ಲ!" ಅವನು ತಲೆ ತಗ್ಗಿಸಿ ಇನ್ನೊಂದು ತಟ್ಟೆ ಅನ್ನ ಹಾಕಿಸಿಕೊಳ್ಳುತ್ತಾನೆ.

ನಿನ್ನ
ಸಬೀಕಾ


ಬೊಂಬಾಯಿ
5 ನವೆಂಬರ್ 1955

ನನ್ನ ಸಬೀಕಾ,

ಕೀಲಿಯನ್ನು ಸಮುದ್ರಕ್ಕೆ ಎಸೆ. ಮಿಶಾರಿಯ ಅಪ್ಪ ಬೇಸಿಗೆಯಲ್ಲೇ ಮನೆಯನ್ನು ಸರ್ಕಾರಕ್ಕೆ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿ ಕಳುಹಿಸಿದ್ದಾರೆ. ನಿನಗೆ ಆಗಲೇ ಬರೆಯಬೇಕಿತ್ತು. ದಿನಾ ಬರೆಯೋಣ ಎಂದುಕೊಂಡೆ, ನೀನು ಅಂಗಳ ಗುಡಿಸುವುದು ಕಣ್ಣಿಗೆ ಬಂದು ಲೇಖನಿ ಕೆಳಗಿಟ್ಟೆ.

ಇಲ್ಲಿ ನಾವು ನಾಲ್ಕನೇ ಮಹಡಿಯಲ್ಲಿದ್ದೇವೆ. ಕೆಳಗೆ ಟ್ರಾಮು, ಮೇಲೆ ಗುಜರಾತಿನ ಒಬ್ಬ ಮುದುಕ ಬೆಳಿಗ್ಗೆಯೆಲ್ಲ ಕೆಮ್ಮುತ್ತಾನೆ. ಅವನ ಹೆಸರು ಇವತ್ತಿಗೂ ಗೊತ್ತಿಲ್ಲ. ಕೆಮ್ಮು ಮಾತ್ರ ಚೆನ್ನಾಗಿ ಗೊತ್ತು.

ಈಗ ಮುಖ್ಯವಾದ ಮಾತು. ಮಿಶಾರಿ ನನಗೂ ಪತ್ರ ಬರೆಯುತ್ತಾನೆ. ಅದರಲ್ಲಿ ಎರಡು ಸಾಲು ತನ್ನ ಆರೋಗ್ಯ, ಒಂದು ಪುಟ ನಿಮ್ಮ ಮನೆಯ ಸಾರು. ಮಗ ಸಾರಿನ ಬಗ್ಗೆ ಒಂದು ಪುಟ ಬರೆದರೆ ತಾಯಿಗೆ ಅರ್ಥವಾಗುವುದಿಲ್ಲವೇ? ಮೂರು ಗಂಡುಗಳನ್ನು ಬೇಡವೆಂದ ನಿನ್ನ ಮಗಳನ್ನೇ ಕೇಳು, ನಾಲ್ಕನೆಯವನೂ ಬೇಡವೋ ಎಂದು.

ಗೋಡೆ ಹೋದರೆ ಹೋಗಲಿ ಸಬೀಕಾ. ಗೋಡೆಯೇ ಇಲ್ಲದ ಮೇಲೆ ಕಿಂಡಿಬಾಗಿಲು ಯಾಕೆ? ಗನೀಮಾಳನ್ನು ನನಗೆ ಕೊಡು.

ತರ್ಫಾ


ಎಲಚಿಮರದ ಓಣಿ
28 ನವೆಂಬರ್ 1955

ತರ್ಫಾ,

ನಿನ್ನ ಪತ್ರವನ್ನು ಗನೀಮಾಳಿಗೆ ಓದಿ ಹೇಳಿದೆ. ಅವಳು ತಾನು ಪಾಠ ಹೇಳುವ ಶಾಲೆಯಿಂದ ತಂದ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ಒಂದೇ ಪುಸ್ತಕಕ್ಕೆ ಎರಡು ಸಲ ರಟ್ಟು ಹಾಕಿದಳು.

"ಬೇಡ ಅಂತ ಬರೀಲಾ?" ಅಂದೆ.

"ನಾನೆಲ್ಲಿ ಹಾಗಂದೆ?"

"ಮತ್ತೆ ಹೂಂ ಅಂತಲಾ?"

"ಅಮ್ಮಾ, ನಿನಗೆ ಮಾಡೋಕೆ ಬೇರೆ ಕೆಲ್ಸ ಇಲ್ವಾ?"

ಹೂಂ ಎಂದೇ ತಿಳಿದುಕೋ. ಇಪ್ಪತ್ತೊಂದು ವರ್ಷದಲ್ಲಿ ಅವಳ ಮುಖದಲ್ಲಿ ಇಂಥ ಬೆಳಕು ನೋಡಿರಲಿಲ್ಲ. ನನಗೂ ತುಂಬಾ ಸಂತೋಷವಾಗಿದೆ, ಅದನ್ನು ಬರೆದು ಮುಗಿಸುವುದು ನನ್ನಿಂದಾಗದು.

ಪದ್ಧತಿಯಂತೆ ಹಾಲಿನ ವಿಚಾರ ಒಂದು ಕೇಳಿಸಬೇಕು, ಒಬ್ಬಳ ಎದೆಹಾಲು ಇಬ್ಬರಿಗೂ ಹೋಗಿದ್ದರೆ ಅವರು ಅಣ್ಣ ತಂಗಿಯೇ ಆಗಿಬಿಡುತ್ತಾರಲ್ಲ. ಮೊದಲಾಗಿದ್ದರೆ ಕಿಂಡಿಯಲ್ಲಿ ತಲೆ ಹಾಕಿ "ಇವರಿಬ್ಬರ ನಡುವೆ ಹಾಲಿದೆಯೇನ್ರೇ?" ಎಂದು ಕೂಗಿದರೆ ಸಾಕಿತ್ತು. ಕೂಗು ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿ, ಓಣಿಯ ಕೊನೆ ಮುಟ್ಟಿ, ಅನ್ನ ಬೇಯುವುದರೊಳಗೆ ಉತ್ತರ ವಾಪಸು ಬರುತ್ತಿತ್ತು. ಯಾವ ಹೆಂಗಸು ಯಾವ ಮಗುವಿಗೆ ಎಷ್ಟು ದಿನ ಹಾಲು ಕೊಟ್ಟಳೆಂಬುದು ಈ ಓಣಿಗೆ ಬಾಯಿಪಾಠ. ಈಗ ಹನ್ನೊಂದು ಮನೆಗಳಲ್ಲಿ ಆರು ಖಾಲಿ. ನಿನ್ನೆ ಕೂಗಿದೆ, ಒಂದು ಬೆಕ್ಕು ಬಂತು.

ಇರಲಿ, ಕೇಳಿಸುತ್ತೇನೆ. ನಮಗೂ ಚಳಿಗಾಲ ಮುಗಿಯುವುದರೊಳಗೆ ಮನೆ ಬಿಡಬೇಕೆಂದು ನೋಟೀಸು ಬಂದಿದೆ.

ಸಬೀಕಾ


ಬೊಂಬಾಯಿ
20 ಡಿಸೆಂಬರ್ 1955

ಬೀಗತಿಗೆ ಸಲಾಂ! (ಇನ್ನು ಹೀಗೇ ಕರೆಯುವುದು.)

ಹಾಲಿನ ವಿಚಾರ ಕೇಳುವುದೇನಿದೆ? ನೀನು ನನ್ನ ಮಗನಿಗೆ ಕೊಟ್ಟಿಲ್ಲ, ನಾನು ನಿನ್ನ ಮಗಳಿಗೆ ಕೊಟ್ಟಿಲ್ಲ. ನಮ್ಮಿಬ್ಬರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾವಿಯ ಪಕ್ಕ ನಿಂತು ನೀರಿಗೆ ದಾರಿ ಕೇಳಬೇಡ. ಈದ್ ಕಳೆದ ಮೇಲೆ ಮದುವೆ ಇಟ್ಟುಕೊಳ್ಳೋಣ, ಹಡಗಿಗೆ ಈಗಲೇ ಹೇಳಿಡುತ್ತೇನೆ.

ಹಸಿರು ಜರಿಯ ಬಟ್ಟೆ ಹನ್ನೆರಡು ಗಜ ತೆಗೆದಿಟ್ಟಿದ್ದೇನೆ. ಏಲಕ್ಕಿ, ಗಂಧ, ಎರಡು ಪೆಟ್ಟಿಗೆ ಸಾಬೂನು. ಗನೀಮಾಳ ಕೈಬಳೆಯ ಅಳತೆಯನ್ನು ದಾರದಲ್ಲಿ ತೆಗೆದು ಪತ್ರದೊಳಗಿಟ್ಟು ಕಳುಹಿಸು.

ನಿನ್ನ ಬೀಗತಿ


ಶಾಮಿಯಾ, 3ನೇ ವಿಭಾಗ, ಮನೆ ನಂಬರು 62
3 ಮಾರ್ಚ್ 1956

ತರ್ಫಾ,

ವಿಳಾಸ ನೋಡಿ ಗಾಬರಿಯಾಗಬೇಡ, ಇದು ನಾನೇ. ದಾರ ಇದರೊಳಗಿದೆ.

ಹೋದ ತಿಂಗಳು ಓಣಿಯನ್ನು ಕೆಡವಿದರು. ನೋಡಲು ಹೋಗಬಾರದೆಂದಿದ್ದೆ, ಹೋದೆ. ಯಂತ್ರ ಒಂದು ಸಲ ಹಿಂದೆ ಹೋಯಿತು, ಒಂದು ಸಲ ಮುಂದೆ ಬಂತು, ನಿನ್ನ ಮನೆ ಮುಗಿಯಿತು. ಆಮೇಲೆ ನನ್ನದು. ನಡುಗೋಡೆ ಸ್ವಲ್ಪ ಹೊತ್ತು ನಿಂತೇ ಇತ್ತು. ಅತ್ತಿತ್ತ ಮನೆ ಇಲ್ಲ, ನಡುವೆ ಕಿಂಡಿಬಾಗಿಲಿರುವ ಗೋಡೆ. ಚಾಲಕ ಇಳಿದು ಬೀಡಿ ಸೇದಿ ಮತ್ತೆ ಹತ್ತಿದ. ನನಗೆ ಅಳು ಬರುತ್ತದೆಂದು ಕಾದೆ, ಬರಲಿಲ್ಲ. ದೂಳಿನಿಂದ ಮೂರು ದಿನ ಕೆಮ್ಮಿದೆ ಅಷ್ಟೆ.

ಇಲ್ಲಿ ಮನೆಗೂ ಮನೆಗೂ ನಡುವೆ ಎರಡಾಳು ಅಗಲದ ಖಾಲಿ ಜಾಗ ಬಿಡಬೇಕೆಂದು ಕಾನೂನು. ಆ ಜಾಗ ಯಾರಿಗೆ ಎಂದರೆ ಗಾಳಿಗೆ ಎನ್ನುತ್ತಾರೆ. ಮೊದಲ ಗುರುವಾರ ಗೋಧಿ, ಮಾಂಸ ಕುದಿಸಿ ಪಕ್ಕದ ಮನೆಗೆ ಒಂದು ಬೋಗುಣಿ ಹರೀಸ್ ಮಾಡಿ ಕಳುಹಿಸಿದೆ. ಮರುದಿನ ಬೋಗುಣಿ ವಾಪಸು ಬಂತು, ಫಳಫಳ ತೊಳೆದು, ಖಾಲಿ. ಒಂದು ಹಿಡಿ ಖರ್ಜೂರವಾದರೂ ಬೇಡವೇ? ಒಂದು ನಿಂಬೆಹಣ್ಣು? ತುಂಬಿ ಹೋದ ಪಾತ್ರೆ ಬರಿದಾಗಿ ಬಂದದ್ದು ನನ್ನ ಆಯಸ್ಸಿನಲ್ಲಿ ಅದೇ ಮೊದಲು. ಅವರು ಕೆಟ್ಟವರಲ್ಲ, ಎಲ್ಲಿಂದಲೋ ಬಂದವರು, ಗೊತ್ತಿಲ್ಲ.

ಈಗ ಒಂದು ವಿಷಯ. ಸಾಮಾನು ಕಟ್ಟುವಾಗ ಒಳಕೋಣೆಯಲ್ಲಿ ಕುಳಿತಿದ್ದೆ. ಆಗ ನೀನೇ ಎಷ್ಟೋ ಸಲ ಹೇಳಿದ ಮಾತು ನೆನಪಾಯಿತು. ಆ ಮೂರು ದಿನ ಹೆದರಿಕೆಗೆ ನಿನ್ನ ಹಾಲು ಬತ್ತಿಹೋಗಿತ್ತು ಅನ್ನುತ್ತಿದ್ದೆ. ಆಚೆಮನೆಯ ಉಮ್ ಝಾಯಿದ್ ಒಬ್ಬಳಿಗೇ ಹಾಲಿತ್ತು, "ಅವಳ ಎದೆಗೆ ಹೋಗದ ಕೂಸು ಆ ಕೋಣೇಲಿ ಇರ್ಲಿಲ್ಲ" ಅನ್ನುತ್ತಿದ್ದೆ. ಗನೀಮಾಳಿಗೆ ಅವಳು ಹಾಲು ಕೊಟ್ಟದ್ದು ಎಲ್ಲರಿಗೂ ಗೊತ್ತು, ಅದಕ್ಕೇ ಅವಳ ಮಗ ಝಾಯಿದ್ ಗನೀಮಾಳಿಗೆ ಹಾಲಿನ ಅಣ್ಣ. ಹಾಗಾದರೆ ಮಿಶಾರಿ? ಅವನಿಗೂ ಅವಳೇ ಹಾಲು ಕೊಟ್ಟಿದ್ದರೆ ಇವರಿಬ್ಬರೂ ಅಣ್ಣ ತಂಗಿ. ಮದುವೆ ಆಗುವುದಿಲ್ಲ.

ಕೊಟ್ಟವಳು ಬಂದು ಹೇಳಬೇಕಾದದ್ದು ಧರ್ಮ. ಆದರೆ ಅವಳು ನಿನ್ನ ಅತ್ತೆಗೆ ಹೇಳಿ, ಆ ಬಿಗುಮಾನದ ಮುದುಕಿ ಬಾಯಿ ಮುಚ್ಚಿಸಿದ್ದರೆ? ಆ ಕೋಣೆಯಲ್ಲಿದ್ದ ಮಿಕ್ಕ ಹೆಂಗಸರೆಲ್ಲ ಮಣ್ಣು ಸೇರಿದ್ದಾರೆ. ಉಮ್ ಝಾಯಿದ್ ಯಾವ ಬಡಾವಣೆಗೆ ಹೋದಳೋ ಯಾರಿಗೂ ಗೊತ್ತಿಲ್ಲ. ಹುಡುಕುತ್ತಿದ್ದೇನೆ.

ಸಬೀಕಾ


ಬೊಂಬಾಯಿ
27 ಮಾರ್ಚ್ 1956

ಸಬೀಕಾ,

ಹಳೆಯ ಹೆಂಗಸರ ಹರಟೆಯನ್ನು ಕಟ್ಟಿಕೊಂಡು ಯಾಕೆ ಒದ್ದಾಡುತ್ತೀಯಾ? ಏನೋ ಕಾಫಿ ಕುಡಿಯುತ್ತಾ ಬಣ್ಣ ಹಚ್ಚಿ ಹೇಳಿದ್ದು. ಮಿಶಾರಿ ಅವಳ ಹಾಲು ಕುಡಿದಿಲ್ಲ. ನಾನು ಅವನ ತಾಯಿ, ನನಗೆ ಗೊತ್ತಿಲ್ಲವೇ?

ಆ ಮುದುಕಿಯನ್ನು ಹುಡುಕಿ ತೊಂದರೆ ಕೊಡಬೇಡ. ಅವಳಿಗೆ ಮರೆವು ಎಂದು ಕೇಳಿದ್ದೇನೆ. ಮರೆವಿನವರು ಏನು ಬೇಕಾದರೂ ಹೇಳುತ್ತಾರೆ.

ಬಳೆ ಮಾಡಿಸಲು ಕೊಟ್ಟಿದ್ದೇನೆ. ಅವಳ ಕೈ ಎಷ್ಟು ಸಣ್ಣ!

ತರ್ಫಾ


ಶಾಮಿಯಾ
2 ಜೂನ್ 1956

ತರ್ಫಾ,

ಈದ್ ಕಳೆಯಿತು. ನಿನಗೆ ಹಡಗು ಹತ್ತಬೇಡವೆಂದು ತಂತಿ ಕೊಟ್ಟದ್ದಕ್ಕೆ ಕ್ಷಮಿಸು. ಕಾರಣ ಇಲ್ಲಿದೆ.

ಉಮ್ ಝಾಯಿದ್ ಸಿಕ್ಕಳು. ನಮ್ಮ ಓಣಿಗೆ ಬರುತ್ತಿದ್ದ ಮೀನಿನವನೇ ಪತ್ತೆ ಹೇಳಿದ. ಯಾರು ಯಾವ ಮೀನು ತಿನ್ನುತ್ತಾರೆಂಬುದರ ಮೇಲೆ ಅವನು ಇಡೀ ಓಣಿಯನ್ನು ಹೊಸ ಬಡಾವಣೆಗಳಲ್ಲಿ ಹುಡುಕಿಕೊಂಡಿದ್ದಾನೆ. ಮಗನ ದೊಡ್ಡ ಮನೆಯಲ್ಲಿ, ಫ್ಯಾನಿನ ಕೆಳಗೆ ಕುಳಿತಿದ್ದಳು. ನನ್ನ ಕೈ ಹಿಡಿದು ಮೂಸಿ ನೋಡಿ "ಸಬೀಕಾ!" ಅಂದಳು.

"ಮಳೆ ವರ್ಷ ನೆನಪಿದ್ಯಾ ಅಕ್ಕಾ? ಯಾರ್ಯಾರಿಗೆ ಹಾಲು ಕೊಟ್ಟೆ?"

"ಎಡಕ್ಕೆ ಹೆಣ್ಣು, ಬಲಕ್ಕೆ ಗಂಡು," ಅಂದಳು, ತಡವರಿಸಲೇ ಇಲ್ಲ. "ಎರಡೂ ಕಚ್ಚಿ ಕಚ್ಚಿ ಕುಡಿದ್ವು."

"ಹೆಣ್ಣು ನನ್ನ ಗನೀಮಾ. ಗಂಡು ಯಾರು? ನಿನ್ನ ಝಾಯಿದಾ? ತರ್ಫಾನ ಮಗನಾ?"

"ಝಾಯಿದ್..." ಅಂದಳು. ಮತ್ತೆ "ತರ್ಫಾನ ಮಗ..." ಅಂದಳು. ಆಮೇಲೆ ನಕ್ಕಳು. "ನನ್ನನ್ನ ಆ ಕೋಣೆಗೆ ಕರ್ಕೊಂಡೋಗೆ. ಅಲ್ಲಿ ಕೂತ್ರೆ ಯಾರ್ಯಾರು ಎಲ್ಲೆಲ್ಲಿ ಮಲಗಿದ್ರು ಎಲ್ಲಾ ಹೇಳ್ತೀನಿ. ಗೂಡಿನ ಕೆಳಗೆ ಒಬ್ರು, ಕಿಂಡಿ ಹತ್ರ ಒಬ್ರು... ಗೋಡೆ ಮುಟ್ಟಿದ್ರೆ ಹೇಳ್ತೀನಿ."

ಮುಟ್ಟಲು ಗೋಡೆ ಎಲ್ಲಿದೆ? ಆದರೂ ಝಾಯಿದ್ ತನ್ನ ಕಾರಿನಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಓಣಿ ಇದ್ದಲ್ಲಿ ಡಾಂಬರು. ನಡುವೆ ಒಂದು ವೃತ್ತ, ಅದರಲ್ಲಿ ನೆಟ್ಟ ಹುಲ್ಲು. ನಾನು ಹೆಜ್ಜೆ ಎಣಿಸಿ ಅಂದಾಜು ಮಾಡಿದೆ. ಒಳಕೋಣೆ ಸರಿಯಾಗಿ ರಸ್ತೆಯ ಮಧ್ಯ ಬರುತ್ತದೆ. ಅಲ್ಲಿ ಕಾರು ನಿಲ್ಲಿಸಿದ್ದಕ್ಕೆ ಹಿಂದಿನವರು ಹಾರ್ನ್ ಹೊಡೆದರು. ಉಮ್ ಝಾಯಿದ್ ಗಾಜಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

"ಇದು ಯಾವ ಊರೇ?" ಅಂದಳು.

ಅಷ್ಟೆ. ಆಮೇಲೆ ಅವಳು ನನ್ನನ್ನೂ ಗುರುತಿಸಲಿಲ್ಲ.

ತರ್ಫಾ, ಇನ್ನು ನೀನೊಬ್ಬಳೇ ಉಳಿದಿರುವುದು. ನೀನು ಅಲ್ಲಿದ್ದೆ. ನಾನು ಪ್ರಜ್ಞೆ ಇಲ್ಲದೆ ಮಲಗಿದ್ದೆ. ಮಿಶಾರಿ ಎರಡು ತಿಂಗಳ ಕೂಸು, ಮೂರು ದಿನ ನಿನ್ನಲ್ಲಿ ಹಾಲಿಲ್ಲ, ಪಕ್ಕದಲ್ಲೇ ಉಮ್ ಝಾಯಿದ್ ಕುಳಿತಿದ್ದಾಳೆ. ಅವಳ ಹಾಲು ಕುಡಿಯದಿದ್ದರೆ ಅವನು ಏನು ಕುಡಿದು ಬದುಕಿದ? "ಕುಡಿದಿಲ್ಲ" ಎಂದರೆ ಸಾಲದು. ಹೇಗೆ ಎಂದು ಹೇಳು. ನಿನ್ನ ಒಂದು ಮಾತಿನ ಮೇಲೆ ಮದುವೆ ನಿಂತಿದೆ. ಗನೀಮಾ ದಿನಾ ಅಂಚೆ ಕೇಳುತ್ತಾಳೆ, ಕೇಳಲಿಲ್ಲವೆಂಬಂತೆ ಕೇಳುತ್ತಾಳೆ.

ಸಬೀಕಾ


ಬೊಂಬಾಯಿ
25 ಜೂನ್ 1956

ಸಬೀಕಾ,

ಇಲ್ಲಿ ಮಳೆ ಹಿಡಿದಿದೆ. ಒಂದು ವಾರದಿಂದ ಕಿಟಕಿ ತೆಗೆದಿಲ್ಲ. ಮಿಶಾರಿಯ ಅಪ್ಪನಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿದೆ, ಆದರೂ ಮಾವಿನಹಣ್ಣು ಬಿಡುವುದಿಲ್ಲ.

ಮಿಶಾರಿಗೆ ಆ ಹಾಲು ಸೇರಿಲ್ಲ. ನನ್ನನ್ನು ನಂಬು. ಹೇಗೆ ಏನು ಎಂದು ಕಾಗದದಲ್ಲಿ ಬರೆಯುವ ವಿಷಯವಲ್ಲ. ಎಲ್ಲ ದೇವರಿಗೆ ಗೊತ್ತು.

ಬಳೆ ತಯಾರಾಗಿ ಬಂದಿದೆ.

ತರ್ಫಾ


ಶಾಮಿಯಾ
30 ಜುಲೈ 1956

ತರ್ಫಾಳಿಗೆ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಹೇಗೆಂದು ಹೇಳಲಾರದೆ ಮಾವಿನಹಣ್ಣಿನ ಬಗ್ಗೆ ಬರೆದಿದ್ದೀಯ. ನನಗೆ ಅರ್ಥವಾಯಿತು. ಕುಡಿದಿದ್ದಾನೆ, ನೀನು ಮಗನ ಆಸೆಗೆ ಕಣ್ಣು ಮುಚ್ಚಿಕೊಂಡಿದ್ದೀಯ. ತಾಯಿಯಾದವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವಷ್ಟು ಶಕ್ತಿಯೂ ಇಲ್ಲ.

ಮಸೀದಿಯ ಶೇಖ್ ಅವರ ಹತ್ತಿರ ಕೇಳಿಸಿದೆ. "ಅನುಮಾನ ಇದ್ದಲ್ಲಿ ಬಿಟ್ಟುಬಿಡೋದು ಕ್ಷೇಮ, ಅಮ್ಮಾ. ಅಣ್ಣನ್ನ ಗಂಡ ಮಾಡ್ಕೊಂಡ್ರೆ ನಾಳೆ ಹುಟ್ಟೋ ಮಕ್ಕಳ ಗತಿ ಏನು?" ಅಂದರು. ಹೌದು, ಏನು ಗತಿ?

ಶುಕ್ರವಾರ ಊಟವಾದ ಮೇಲೆ ಮಿಶಾರಿಗೆ ಹೇಳಿದೆ. ಅವನು ಬಹಳ ಹೊತ್ತು ಬೆರಳಿನಿಂದ ಚಾಪೆಯ ಅಂಚನ್ನು ಬಿಡಿಸುತ್ತಾ ಕುಳಿತ. ಆಮೇಲೆ ಎದ್ದು ಬಂದು ನನ್ನ ತಲೆಗೆ ಮುತ್ತಿಟ್ಟ.

"ಹಾಗಾದ್ರೆ ನೀವು ನನಗೂ ತಾಯಿ ಸಮಾನವೇ," ಅಂದ.

ತಂಗಿಗೆ ಅಣ್ಣನ ಮುಂದೆ ಪರದೆ ಬೇಡವಲ್ಲ. ನಾನು ಗನೀಮಾಳನ್ನು ಕರೆದೆ. ಯಾಕೆ ಕರೆದೆನೋ, ಧರ್ಮ ಹಾಗೆ ಎಂದು ಕರೆದೆ. ಅವಳು ಮುಸುಕಿಲ್ಲದೆ ಕಾಫಿಯ ಹೂಜಿ ಹಿಡಿದು ಬಂದಳು. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಓಣಿಯಲ್ಲಿ ಅವಳ ಜಡೆ ಎಳೆದು ಓಡಿದವನು, ಆಮೇಲೆ ಅವಳ ಮುಖ ನೋಡಿದ್ದು ಅದೇ ಮೊದಲು. ಅಣ್ಣ ಎಂದು ಆದ ಮೇಲೆ.

"ಸಾರಿಗೆ ಉಪ್ಪು ಸರಿಯಿತ್ತಾ ಅಣ್ಣಾ?" ಅಂದಳು.

"ಸರಿಯಿತ್ತು."

ಮೂರು ಸಲ ಕಾಫಿ ಹಾಕಿದಳು. ಅವನು ಲೋಟ ಅಲ್ಲಾಡಿಸಿ ಸಾಕೆನ್ನುವುದನ್ನು ಮರೆತಿದ್ದ. ಅವನು ಹೋದ ಮೇಲೆ ಅವಳು ಪಾತ್ರೆ ತೊಳೆದಳು, ನಾನು ಒರೆಸಿದೆ. ಈ ಮನೆಯಲ್ಲಿ ನಲ್ಲಿಯ ನೀರು ಬಹಳ ಸದ್ದು ಮಾಡುತ್ತದೆ.

ನೀರಿನ ಇಲಾಖೆಯ ಒಬ್ಬ ಗುಮಾಸ್ತರ ಮನೆಯಿಂದ ಸಂಬಂಧ ಬಂದಿದೆ. ಯಾರ ಓಣಿಯವರೋ ತಿಳಿಯದು. ಹಾಲಿನ ಭಯವಂತೂ ಇಲ್ಲ, ಒಬ್ಬರಿಗೊಬ್ಬರು ಗೊತ್ತೇ ಇಲ್ಲವಲ್ಲ. ಗನೀಮಾ ಈ ಸಲ ಬೇಡ ಅನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ.

ಬಳೆಗಳನ್ನು ನಿನ್ನ ಹತ್ತಿರವೇ ಇಟ್ಟುಕೋ.

ಸಬೀಕಾ


ಬೊಂಬಾಯಿ
17 ಸೆಪ್ಟೆಂಬರ್ 1956

ಸಬೀಕಾ,

ಈ ಪತ್ರವನ್ನು ಜೂನಿನಲ್ಲಿ ಬರೆದು ಹರಿದೆ. ಆಗಸ್ಟಿನಲ್ಲಿ ಮೂರು ಸಲ ಬರೆದು ಹರಿದೆ. ಇವತ್ತು ಅಂಚೆಯವನು ಬಾಗಿಲಲ್ಲೇ ಕುಳಿತಿದ್ದಾನೆ, ಬರೆದು ಕೊಡುವವರೆಗೆ ಏಳಬೇಡವೆಂದು ಚಹಾ ಕೊಟ್ಟಿದ್ದೇನೆ.

ನಾನು ಅಲ್ಲಿರಲಿಲ್ಲ.

ಮಳೆ ಶುರುವಾದ ದಿನವೇ ಅತ್ತೆ ಕಿಂಡಿಬಾಗಿಲಿಗೆ ಅಗಳಿ ಹಾಕಿ ಬಟ್ಟೆಯ ಪೆಟ್ಟಿಗೆಯನ್ನು ಅಡ್ಡ ಇಟ್ಟರು. "ಒಬ್ಬಳನ್ನ ಒಳಗೆ ಬಿಟ್ರೆ ಓಣಿಯೆಲ್ಲಾ ಬರುತ್ತೆ, ಈ ಮನೆಯೂ ಕುಸಿಯುತ್ತೆ," ಅಂದರು. ನಮ್ಮ ಮನೆಗೆ ಹೊಸ ತೊಲೆ, ಗಟ್ಟಿಯಾಗಿತ್ತು. ಉಮ್ ಝಾಯಿದ್ ಆಚೆಯಿಂದ ಬಾಗಿಲು ಬಡಿದಳು. "ತರ್ಫಾ, ಸಬೀಕಾ ತಲೆಗೆ ಪೆಟ್ಟಾಗಿದೆ, ಬಾಗಿಲು ತೆಗಿಯೇ," ಅಂದಳು. ನಾನು ಪೆಟ್ಟಿಗೆಯ ಈಚೆ ಮಿಶಾರಿಗೆ ಹಾಲೂಡಿಸುತ್ತಾ ನಿಂತಿದ್ದೆ. ಹೌದು, ಹಾಲೂಡಿಸುತ್ತಾ. ನನ್ನ ಹಾಲು ಬತ್ತಿರಲಿಲ್ಲ. ನಿನ್ನ ಗನೀಮಾ ಅಳುವುದು ಕೇಳುತ್ತಿತ್ತು. ಅತ್ತೆ ಪಡಸಾಲೆಯಲ್ಲಿ ಜಪಮಾಲೆ ಎಣಿಸುತ್ತಿದ್ದರು, ಪೆಟ್ಟಿಗೆಯ ಹತ್ತಿರ ಯಾರೂ ಇರಲಿಲ್ಲ. ನಾನು ಅದನ್ನು ಸರಿಸಬಹುದಿತ್ತು. ಅದು ಅಷ್ಟೇನೂ ಭಾರವಿರಲಿಲ್ಲ. ಮೂರು ದಿನ ಸರಿಸಲಿಲ್ಲ. ಹೆದರಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ನಾಲ್ಕನೆಯ ದಿನ ಬಿಸಿಲು ಬಂತು, ಅತ್ತೆ ಪೆಟ್ಟಿಗೆ ತೆಗೆಸಿದರು. ನಾನು ಕಿಂಡಿಯಿಂದ ಬಂದು, ಬೇರೇನೂ ತೋಚದೆ, ನಿನ್ನ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟೆ. ಆಗಲೇ ನೀನು ಕಣ್ಣು ಬಿಟ್ಟೆ. "ತರ್ಫಾ, ನೀನು ಇಲ್ಲೇ ಇದ್ಯಾ?" ಅಂದೆ.

ನಾನು ಹೂಂ ಅಂದೆ.

ಆ ಒಂದು ಹೂಂ. ಮಿಕ್ಕದ್ದನ್ನೆಲ್ಲ ಆಮೇಲೆ ನೀನೇ ಬೆಳೆಸಿದೆ, ಓಣಿಯವರು ಬೆಳೆಸಿದರು, ಕೇಳಿ ಕೇಳಿ ನಾನೂ ಸೇರಿಸಿದೆ. ಹಾಲು ಬತ್ತಿದ್ದನ್ನು ನಾನೇ ಸೇರಿಸಿದ್ದು. ಉಮ್ ಝಾಯಿದ್‌ಗೆ ಎಲ್ಲ ಗೊತ್ತಿತ್ತು. ನಾನು ಕಥೆ ಹೇಳುವಾಗ ಅವಳು ಎದುರಿಗೇ ಕುಳಿತು ಕಾಫಿ ಕುಡಿಯುತ್ತಿದ್ದಳು, ಒಂದು ದಿನವೂ ಬಾಯಿ ಬಿಡಲಿಲ್ಲ. ಓಣಿ ನನ್ನ ಮಾನ ಮುಚ್ಚಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನೀನು ಹಾಲಿನ ಬಗ್ಗೆ ಕೇಳಿದೆ, ನನಗೆ ಪ್ರತಿ ಸಲವೂ ಬಾಗಿಲಿನ ಬಗ್ಗೆ ಕೇಳಿದಂತೆಯೇ ಕೇಳಿಸಿತು.

ಬಲಕ್ಕಿದ್ದ ಗಂಡು ಅವಳದೇ ಝಾಯಿದ್ ಇರಬೇಕು. ನನ್ನ ಮಗ ಅಂತೂ ಅಲ್ಲ. ಅವನು ಬೆಚ್ಚಗೆ, ಹೊಟ್ಟೆ ತುಂಬಿ, ಗೋಡೆಯ ಈಚೆ ಮಲಗಿದ್ದ. ಇವರಿಬ್ಬರ ನಡುವೆ ಹಾಲಿಲ್ಲ. ಮದುವೆ ಮಾಡು. ನನ್ನ ಮುಖ ನೋಡಬೇಡ, ಬೇಕಾದರೆ ಎಂದೂ ನೋಡಬೇಡ, ಮದುವೆ ಮಾತ್ರ ಮಾಡು.

ತರ್ಫಾ


ಶಾಮಿಯಾ
19 ಅಕ್ಟೋಬರ್ 1956

ತರ್ಫಾ,

ನಿನ್ನ ಪತ್ರ ಈ ತಿಂಗಳ ಎಂಟನೇ ತಾರೀಕು ಬಂತು. ಗನೀಮಾಳ ಮದುವೆ ನಾಲ್ಕನೇ ತಾರೀಕು ಆಯಿತು, ಗುರುವಾರ.

ಹುಡುಗ ಒಳ್ಳೆಯವನು. ಮಾತು ಕಡಿಮೆ. ಮಿಶಾರಿ ಅಣ್ಣನ ಸ್ಥಾನದಲ್ಲಿ ನಿಂತು ಎಲ್ಲ ಮಾಡಿದ. ಅವಳ ಬಟ್ಟೆಯ ಪೆಟ್ಟಿಗೆಯನ್ನು ತಾನೇ ಹೊತ್ತು ಕಾರಿಗಿಟ್ಟ, ಝಾಯಿದ್ ಒಂದು ಕಡೆ ಹಿಡಿದುಕೊಂಡ. ಬೀಳ್ಕೊಡುವಾಗ ಗನೀಮಾ ಇಬ್ಬರು ಅಣ್ಣಂದಿರ ಹಣೆಗೂ ಮುತ್ತಿಟ್ಟಳು.

ಪತ್ರವನ್ನು ಒಂದು ಸಲ ಓದಿ ಹೊಸ ಅಡುಗೆಮನೆಯ ಒಲೆಯಲ್ಲಿ ಸುಟ್ಟೆ. ಯಾರಿಗೂ ಹೇಳಿಲ್ಲ. ಈಗ ಯಾರಿಗೆ ಹೇಳಲಿ? ನಿಜ ಹೇಳಿದರೆ ಅವಳು ಮುಸುಕಿಲ್ಲದೆ ಕಾಫಿ ಕೊಟ್ಟದ್ದು, ಹಣೆಗೆ ಮುತ್ತಿಟ್ಟದ್ದು ಎಲ್ಲ ಪರಗಂಡಸಿಗೆ ಎಂದಾಗುತ್ತದೆ. ಅವಳ ಮನೆ ಮುರಿಯುತ್ತದೆ. ಮಿಶಾರಿ ಈಗಲೂ ಶುಕ್ರವಾರ ಬರುತ್ತಾನೆ. ಅವಳೂ ಗಂಡನ ಜೊತೆ ಬರುತ್ತಾಳೆ. ಅಣ್ಣಾ ಅನ್ನುತ್ತಾಳೆ. ಅವನು ಒಂದೇ ತಟ್ಟೆ ಊಟ ಮಾಡಿ ಏಳುತ್ತಾನೆ. ಅದು ಹಾಗೇ ಇರಬೇಕು.

ಕ್ಷಮಿಸಿದೆಯಾ ಎಂದು ನೀನು ಕೇಳಿಲ್ಲ. ಕೇಳಬೇಡ. ನಾನು ನನ್ನೊಳಗೆ ಹುಡುಕಿ ನೋಡಿದೆ, ಅಲ್ಲಿ ಸಿಟ್ಟೂ ಇಲ್ಲ, ಮತ್ತೊಂದೂ ಇಲ್ಲ. ಮನೆ ಕೆಡವಿದ ದಿನದ ಹಾಗೆ ದೂಳು ಮಾತ್ರ.

ಉಮ್ ಝಾಯಿದ್ ಮಂಗಳವಾರ ತೀರಿಕೊಂಡಳು. ಮೂರು ದಿನದ ಶೋಕಕ್ಕೆ ಓಣಿಯ ಹೆಂಗಸರೆಲ್ಲ ಬಂದರು. ಶಾಮಿಯಾದಿಂದ, ಫೈಹಾದಿಂದ, ಎಲ್ಲೆಲ್ಲಿಂದಲೋ, ಗಂಡುಮಕ್ಕಳ ಕಾರುಗಳಲ್ಲಿ. ಓಣಿ ಹೋದ ಮೇಲೆ ಅವರೆಲ್ಲರನ್ನೂ ಒಂದೇ ಕೋಣೆಯಲ್ಲಿ ನೋಡಿದ್ದು ಅದೇ ಮೊದಲು. ಒಬ್ಬೊಬ್ಬಳೂ ಒಂದೊಂದು ಪಾತ್ರೆ ಹಿಡಿದುಕೊಂಡೇ ಬಂದಿದ್ದಳು. ವಯಸ್ಸಾಗಿದೆ ಹೆಚ್ಚಿನವರಿಗೆ. ಗೋಡೆಗೆ ಒರಗಿ ಕುಳಿತವರು ಬೆನ್ನ ಹಿಂದೆ ಕೈಯಾಡಿಸುತ್ತಿದ್ದರು, ಸಿಮೆಂಟು ತಣ್ಣಗಿರುತ್ತದೆ.

ಯಾರೋ ಮಳೆ ವರ್ಷದ ಮಾತೆತ್ತಿದರು. ಆಗ ಇನ್ನೂ ಹುಟ್ಟಿರದವರೂ, ಆಮೇಲೆ ಮದುವೆಯಾಗಿ ಬಂದವರೂ ಬಾಯಿಪಾಠವಾಗಿ ಹೇಳಿದರು. ಉಮ್ ಝಾಯಿದ್ ಎಲ್ಲ ಕೂಸುಗಳಿಗೂ ಹಾಲು ಕೊಟ್ಟಳಂತೆ. ಅತ್ತೆ ಬಾಗಿಲು ಹಾಕಿಕೊಂಡರೂ ತರ್ಫಾ ಕಿಂಡಿಯಿಂದ ನುಸುಳಿ ಬಂದಳಂತೆ. ಮೂರು ದಿನ ಸಬೀಕಾಳ ಹಣೆಯ ಮೇಲಿನ ಬಟ್ಟೆ ಒಣಗಲು ಬಿಡಲಿಲ್ಲವಂತೆ. ಈಗ ಅಂಥ ನೆರೆಯವರು ಎಲ್ಲಿದ್ದಾರೆ ಎಂದು ಅಳಲು ಶುರು ಮಾಡಿದರು. ಗನೀಮಾ ನನ್ನ ಪಕ್ಕದಲ್ಲೇ ಕುಳಿತಿದ್ದಳು.

ಒಬ್ಬಳು ನನ್ನ ಕಡೆ ತಿರುಗಿ, "ತರ್ಫಾ ಅಲ್ಲೇ ಇದ್ಲಲ್ವಾ ಸಬೀಕಕ್ಕಾ?" ಅಂದಳು.

ಎಲ್ಲರೂ ನನ್ನ ಮುಖ ನೋಡಿದರು. ಗನೀಮಾಳೂ ನೋಡಿದಳು.

ನಾನು ಹೂಂ ಅಂದೆ.

ಸಬೀಕಾ